ಟೈರ್ ಲೆಕ್ಕ ತಾಳೆಯಾಗುತ್ತಿಲ್ಲ: ಒಂದು 1,38,000 ಕಿ.ಮೀ., ಇನ್ನೊಂದು ಬರೀ 19,000

ಲೆಕ್ಕದವ:
14 ಲಾರಿಗಳ ಟೈರ್ ಲೆಕ್ಕ ನನ್ನ ತಲೆಗೆ ಬಿದ್ದಿದೆ. ಎಕ್ಸೆಲ್‌ನಲ್ಲಿ ಲಾರಿಗೊಂದು ಹಾಳೆ. ಹಾಕಿದ ದಿನ, ಬಿಲ್, ಟೈರ್ ಮೇಲಿನ ನಂಬರ್ ಎಲ್ಲ ಬರೆಯುತ್ತೇನೆ. ಆದರೂ ಒಂದೇ ದಿನ ತಂದ, ಒಂದೇ ಮಾಡೆಲ್‌ನ ಎರಡು ಟೈರ್‌ಗಳ ಲೆಕ್ಕ ಹೀಗೆ ಬರುತ್ತಿದೆ. ಡ್ರೈವರ್‌ಗಳು ಅದಲು ಬದಲು ಮಾಡಿ ಮಾರುತ್ತಿದ್ದಾರಾ ಅಂತ ಅನುಮಾನ.

ಹಳೇ ಸ್ಟೆಪ್ನಿ:
ಡ್ರೈವರ್‌ಗಳನ್ನು ಆಮೇಲೆ ಬೈಯಿರಿ. ಬರೆಯುವ ನಂಬರ್ ಯಾವುದು, ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುತ್ತದಲ್ಲ, ಆ ಡಾಟ್ ಸಾಲಿನದಾ? ಸ್ಟೆಪ್ನಿಗೆ ಹೋದ ಟೈರನ್ನು ಹೇಗೆ ಬರೆಯುತ್ತೀರಿ?

ಲೆಕ್ಕದವ:
ಹೌದು, ಅದೇ. 2322 ಅಂತ ಮುಗಿಯುತ್ತದೆ. ಸ್ಟೆಪ್ನಿ ಅಂತ ಬೇರೆ ಬರೆಯುವುದಿಲ್ಲ, ಅದೂ ಅದೇ ಲಾರಿಯಲ್ಲೇ ಇರುತ್ತದಲ್ವಾ?

ಹಳೇ ಸ್ಟೆಪ್ನಿ:
ಅಲ್ಲೇ ಎಡವಟ್ಟು. 2322 ಅಂದರೆ 2022ರ 23ನೇ ವಾರ ತಯಾರಾದದ್ದು, ಅಷ್ಟೇ. ಒಂದೇ ಲೋಡಿನಲ್ಲಿ ಬಂದ ಟೈರ್‌ಗಳಿಗೆಲ್ಲ ಆ ಸಾಲು ಒಂದೇ ಇರಬಹುದು. ಟೈರಿಗೊಂದು ನಿಮ್ಮದೇ ನಂಬರ್ ಕೊಟ್ಟು, ಅದನ್ನು ಟೈರಿನ ಪಕ್ಕದ ಗೋಡೆಯ ಮೇಲೆ ಸುಟ್ಟು ಬರೆಸಿ. ತೆಳುವಾಗಿ ಬರೆಸಿ, ಆಳಕ್ಕೆ ಹೋದರೆ ಟೈರೇ ಕೆಡುತ್ತದೆ.

ಇನ್ನು ಹಾಳೆ. ಅದು ಲಾರಿಗಲ್ಲ, ಟೈರಿಗೆ ಒಂದೊಂದು ಬೇಕು. ಹಾಕಿದಾಗ ಲಾರಿ, ಜಾಗ, ಮೀಟರ್ ರೀಡಿಂಗ್. ಬಿಚ್ಚಿದಾಗ ಮತ್ತೆ ಮೀಟರ್. ಸ್ಟೆಪ್ನಿಯಲ್ಲಿ ಸುಮ್ನೆ ನೇತಾಡಿದ ಟೈರಿಗೆ ಲಾರಿಯ ಕಿ.ಮೀ. ಸೇರಿಸಿದರೆ ಅದು ಭೂಮಿ ಸುತ್ತಿ ಬಂದಂತೆ ಕಾಣುತ್ತದೆ!

ಗೇಜ್ ಜೇಬಲ್ಲಿ:
ಎರಡು ಮಾತು ಸೇರಿಸುತ್ತೇನೆ. ಟೈರ್ ಸಾಯುವವರೆಗೆ ಕಾಯಬೇಡಿ, ತಿಂಗಳಿಗೊಮ್ಮೆ ಗೆರೆಯ ಆಳ ಅಳೆಯಿರಿ. ಹೊಸದಿದ್ದಾಗ 16 ಮಿ.ಮೀ., 48,000 ಕಿ.ಮೀ. ಓಡಿದ ಮೇಲೆ 10 ಅಂದುಕೊಳ್ಳಿ. ಒಂದು ಮಿ.ಮೀ.ಗೆ 8,000 ಆಯಿತು. 4ಕ್ಕೆ ಬಿಚ್ಚಿ ರಿಸೋಲ್‌ಗೆ (ಸವೆದ ಟೈರಿನ ಮೇಲೆ ಹೊಸ ರಬ್ಬರ್ ಹಾಕಿಸಲು) ಕಳಿಸುವುದಾದರೆ ಇನ್ನೂ ಸುಮಾರು 48,000 ಬಾಕಿ. ಬೆಲೆ, ಪಂಕ್ಚರ್, ರಿಸೋಲ್ ಎಲ್ಲ ಕೂಡಿಸಿ, ಕೊನೆಗೆ ಹಳೇ ಟೈರ್ ಮಾರಿ ಬಂದದ್ದನ್ನು ಕಳೆದು, ಒಟ್ಟು ಓಟದಿಂದ ಭಾಗಿಸಿದರೆ ಕಿ.ಮೀ. ಖರ್ಚು ಸಿಗುತ್ತದೆ. ಅಗ್ಗದ ಟೈರ್ ಎಷ್ಟೋ ಸಲ ಇಲ್ಲೇ ಸೋಲುತ್ತದೆ.

ಎರಡನೆಯದು, ಬಿಚ್ಚಿದ ಕಾರಣಕ್ಕೆ ಒಂದು ಕಾಲಂ. ‘ಸವೆದಿದೆ’ ಅಂತ ಬರೆದರೆ ಏನೂ ಉಪಯೋಗವಿಲ್ಲ. ಎಲ್ಲಿ ಸವೆದಿದೆ? ಎರಡೂ ಅಂಚು ಅಂದರೆ ಗಾಳಿ ಕಡಿಮೆ. ನಡುವೆ ಅಂದರೆ ಗಾಳಿ ಜಾಸ್ತಿ. ಒಂದೇ ಅಂಚು ಅಂದರೆ ಮೊದಲು ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರವಾಗಿವೆಯಾ ಅಂತ ನೋಡಿಸಿ.

ಲೆಕ್ಕದವ (ಎರಡು ತಿಂಗಳ ನಂತರ):
ಸಿಕ್ಕಿತು. 1,38,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಟೆಪ್ನಿಯ ಓಟ. 19,000ದ್ದು ಬೇರೆ ಲಾರಿಗೆ ಹೋಗಿ ಇನ್ನೂ ಓಡುತ್ತಿದೆ, ನನ್ನ ಹಾಳೆಯಲ್ಲಿ ಮಾತ್ರ ಸತ್ತಿತ್ತು. ಡ್ರೈವರ್‌ಗಳಿಗೆ ಮನಸ್ಸಲ್ಲೇ ಕ್ಷಮೆ ಕೇಳಿದೆ. ಕಾರಣದ ಕಾಲಂ ನೋಡಿದರೆ, ಒಂದೇ ಲಾರಿಯ ಮುಂದಿನ ಎಡಗಡೆಯಿಂದ ಮೂರು ಟೈರ್ ಹೊರ ಅಂಚು ತಿಂದು ಬಂದಿವೆ. ನಾನು ಇಷ್ಟು ದಿನ ಕಂಪನಿಯನ್ನು ಬೈದಿದ್ದೆ. ಲಾರಿ ಈಗ ಅಲೈನ್‌ಮೆಂಟ್‌ಗೆ ಹೋಗಿದೆ.

ಹಿಂದಿನ ಜೋಡಿ ಚಕ್ರದ ಒಳಗಿನ ಟೈರಿಗೆ ಗೇಜ್ ತಲುಪುತ್ತಿಲ್ಲ. ಏನು ಮಾಡುತ್ತೀರಿ?

ಗೇಜ್ ಜೇಬಲ್ಲಿ:
ಕೆಳಗೆ ಮಲಗಬೇಕು, ಬಟ್ಟೆ ಕೊಳೆಯಾಗುತ್ತದೆ. ಗಾಳಿಗಾದರೆ ಉದ್ದನೆಯ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿ, ನಿಂತೇ ನೋಡಬಹುದು.