ಸಹಾಯ ಬೇಕು: ಮಳೆಗಾಲದ ಮಬ್ಬಿಗೆ ಸರಿಯಾದ ಇಂಗ್ಲಿಷ್ ಪದ

ಎಲ್ಲರಿಗೂ ನಮಸ್ಕಾರ. ಆಗುಂಬೆ ಕಡೆಯ ಮಳೆಗಾಲದ ಬಗ್ಗೆ ನಮ್ಮಮ್ಮ ಬರೆದಿಟ್ಟ ನೆನಪುಗಳನ್ನು, ಕನ್ನಡ ಓದಲು ಬಾರದ ಅವರ ಮೊಮ್ಮಕ್ಕಳಿಗಾಗಿ ಇಂಗ್ಲಿಷಿಗೆ ತರುತ್ತಿದ್ದೇನೆ. ಎಲ್ಲ ಕಡೆ ‘ಡಾರ್ಕ್’, ‘ಗ್ಲೂಮಿ’ ಎಂದೇ ಬರೆದರೆ ಅಮ್ಮ ಕಂಡದ್ದು ಮಕ್ಕಳಿಗೆ ಕಾಣುವುದಿಲ್ಲ.

ಮುಸ್ಸಂಜೆಗೆ ‘ಡಸ್ಕ್’, ಕಾರ್ಗತ್ತಲಿಗೆ ‘ಪಿಚ್ ಡಾರ್ಕ್’. ಇಲ್ಲಿ ಗೊಂದಲವಿಲ್ಲ. ಕಷ್ಟವಿರುವುದು ಆಷಾಢದ ಹಗಲಿನಲ್ಲಿ. ಪುನರ್ವಸು ಮಳೆ ಹಿಡಿದರೆ ಮಟಮಟ ಮಧ್ಯಾಹ್ನವೂ ಅಡುಗೆಮನೆಗೆ ದೀಪ ಬೇಕು. ‘ಓವರ್‌ಕ್ಯಾಸ್ಟ್’ ಹವಾಮಾನ ವರದಿಯ ಮಾತು. ಆಕಾಶವನ್ನು ಮೋಡ ಮುಚ್ಚಿದೆ ಎನ್ನುತ್ತದೆಯೇ ಹೊರತು ಮನೆಯೊಳಗಿನ ಬೆಳಕಿನ ಬಗ್ಗೆ ಏನೂ ಹೇಳುವುದಿಲ್ಲ. ‘ಮರ್ಕಿ’ ಎಂದರೆ ಕದಡಿದ ನೀರೂ ನೆನಪಾಗುತ್ತದೆ. ‘ಡ್ರಿಯರಿ’ಯಲ್ಲಿ ಬೇಸರವಿದೆ. ‘ಬ್ಲೀಕ್’ ಬೋಳು ಬಯಲಿನ ಪದ, ಮಲೆನಾಡಿನ ದಟ್ಟ ಕಾಡಿಗೆ ಒಗ್ಗುವುದೇ ಇಲ್ಲ. ಅಮ್ಮನಿಗೋ ಆ ಮಬ್ಬು ತುಂಬ ಇಷ್ಟ: ಒಲೆಯ ಬಿಸಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಮನೆಮಂದಿಯೆಲ್ಲ ಒಂದೇ ಕಡೆ. ದುಃಖದ ಸೋಂಕಿಲ್ಲದ ಪದ ಬೇಕು. ‘ಡಿಮ್’ ಸಾಕೇ? ‘ಹಾಫ್‌ಲೈಟ್’ ಒಪ್ಪುತ್ತದೆಯೇ?

ಇನ್ನು ಘಾಟಿಯ ಮಂಜು. ಒಂದು ಕಿಲೋಮೀಟರಿಗಿಂತ ಕಡಿಮೆ ದೂರ ಕಂಡರೆ ‘ಫಾಗ್’, ಹೆಚ್ಚು ಕಂಡರೆ ‘ಮಿಸ್ಟ್’ ಎಂಬುದು ಹವಾಮಾನ ಶಾಸ್ತ್ರದ ಲೆಕ್ಕ. ಅಂಗಳದಾಚೆಯ ಅಡಿಕೆ ಮರವೂ ಕಾಣದಂಥ ಮಂಜನ್ನು, ಕಿವಿಗೆ ಹಿತವೆಂದು ‘ಮಿಸ್ಟ್’ ಅನ್ನಬಹುದೇ?

ಇಂಗ್ಲಿಷಿನಲ್ಲಿ ಬರೆದು ರೂಢಿಯಿರುವವರು ದಯವಿಟ್ಟು ಬರೀ ಪದ ಕೊಡದೆ, ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.