ಅಪ್‌ಡೇಟ್: ಬೆಂಗಳೂರು ಬಿಟ್ಟು ಹೊಸೂರಿಗೆ ಹೋಗೋದಾ ಅಂತ ಕೇಳಿದ್ದೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇಟ್ಟುಕೊಂಡು ಗಡಿಯಾಚೆ ತಮಿಳುನಾಡಿನ ಹೊಸೂರಲ್ಲಿ ಮನೆ ಮಾಡಿದರೆ ದುಡ್ಡು ಉಳಿಯುತ್ತಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನಾವು ಹೋಗುತ್ತಿದ್ದೇವೆ.

ಬಾಡಿಗೆಯಲ್ಲಿ ನಿಜವಾಗಿ ಉಳಿಯುತ್ತದೆ. ಇಲ್ಲಿ ಒಂದು ಬೆಡ್‌ರೂಮಿಗೆ ಕೊಡುವ ದುಡ್ಡಿಗೆ ಅಲ್ಲಿ ಎರಡು ಬೆಡ್‌ರೂಮು, ಬಟ್ಟೆ ಒಣಗುವಷ್ಟು ಬಿಸಿಲು ಬೀಳುವ ಬಾಲ್ಕನಿ ಸಿಕ್ಕಿದೆ. ಆದರೆ ಕರ್ನಾಟಕದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ತಪ್ಪುತ್ತದೆ. ತಮಿಳುನಾಡಿನಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ, ಅದರಲ್ಲಿ ಮೊದಲ 100 ಯೂನಿಟ್ ಉಚಿತ. ನಮ್ಮ ಬಳಕೆಗೆ ಅದು ಸಾಲದು.

ಗಾಡಿ ಇರುವವರು ಇದನ್ನು ಗಮನಿಸಿ: ಕೆಎ ನಂಬರ್ ಗಾಡಿ 12 ತಿಂಗಳಿಗಿಂತ ಜಾಸ್ತಿ ಅಲ್ಲೇ ಇದ್ದರೆ ಟಿಎನ್ ನಂಬರ್ ಮಾಡಿಸಬೇಕು. ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎನ್ನುವ ಪತ್ರ), ಅಲ್ಲಿ ಮತ್ತೆ ಟ್ಯಾಕ್ಸ್. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದೇವೆ.

ಹಳದಿ ಮೆಟ್ರೋ 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದವರೆಗೆ ಇದೆ, ಅಲ್ಲಿಂದ ಮುಂದೆ ಹೊಸೂರಿಗೆ ಬಸ್ಸೇ ಗತಿ.

ಜಾಸ್ತಿ ಯೋಚಿಸಿದ್ದು ಮಗಳ ಶಾಲೆ ಬಗ್ಗೆ. ತಮಿಳುನಾಡಿನ 2006ರ ಕಾನೂನಿನಂತೆ ಹತ್ತನೇ ಕ್ಲಾಸಿನವರೆಗೆ ತಮಿಳು ಕಲಿಯಬೇಕು. ಅವಳು ಒಂದನೇ ಕ್ಲಾಸಿಗೆ ಸೇರುವವಳು, ಖಂಡಿತ ಕಲಿಯುತ್ತಾಳೆ. ಕನ್ನಡ ಓದು-ಬರಹ ಮನೆಯಲ್ಲೇ ಆಗಬೇಕು. ಅಜ್ಜಿ ಆಗಲೇ ಕಾಪಿ ಪುಸ್ತಕ ತಂದಿಟ್ಟಿದ್ದಾರೆ. ಹೊಸೂರಲ್ಲಿ ಮಾತಾಡೋಕೆ ಕನ್ನಡದವರು ಬೇಕಾದಷ್ಟಿದ್ದಾರೆ, ಅಲ್ವಾ? ಮನೆ ನೋಡಲು ಹೋದಾಗ ಪಕ್ಕದ ಮನೆಯವರೇ ಕನ್ನಡದಲ್ಲಿ ಮಾತಾಡಿಸಿ ನೀರಿನ ವಿಷಯವೆಲ್ಲ ಹೇಳಿದರು. ಅಡ್ವಾನ್ಸ್ ಕೊಟ್ಟಾಗಿದೆ, ಬೇಸಿಗೆ ರಜೆಯಲ್ಲಿ ಶಿಫ್ಟ್ ಆಗುತ್ತೇವೆ.