ಚಿಪ್ ಕಾಲಿಗೆ ಹಿಡಿಯೋದು ತುಕ್ಕಾ, ಕಿಲುಬಾ, ಇನ್ನೇನಾದ್ರೂನಾ?

ಒಂದು ಪದದ ವಿಷಯಕ್ಕೆ ಮೂರು ದಿನದಿಂದ ತಲೆ ಕೆಡಿಸ್ಕೊಂಡಿದೀನಿ, ಗೊತ್ತಿರೋರು ಹೇಳಿ. ಗುಜರಿಯಿಂದ ತಂದ ಬಿಬಿಸಿ ಮೈಕ್ರೋ ಅನ್ನೋ ಹಳೇ ಕಂಪ್ಯೂಟರ್ ರಿಪೇರಿ ಮಾಡ್ತಿದ್ದೆ, ಏಕಾರ್ನ್ ಕಂಪನಿ 1981ರಲ್ಲಿ ಬಿಟ್ಟಿದ್ದು, 32 ಕೆ ಮೆಮೊರಿ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸೋ 1984ರ ಕ್ಲಾಸ್ ಯೋಜನೇಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದೂ ಇದೇ, ನಿಮ್ಮಲ್ಲೂ ಯಾರಾದ್ರೂ ಅದರ ಕೀ ಕುಟ್ಟಿರಬಹುದು. ಮಾಡಿದ್ದನ್ನೆಲ್ಲ ಕನ್ನಡದಲ್ಲೇ ಬರೆದಿಡೋಣ ಅಂತ ಕೂತೆ, ಅಲ್ಲೇ ಸಿಕ್ಕಾಕೊಂಡಿದ್ದು.

ಪವರ್ ಸಪ್ಲೈ ಬರೆಯೋವಾಗ ಏನೂ ತೊಂದ್ರೆ ಆಗ್ಲಿಲ್ಲ. ಮೇನ್ಸ್ ಕಡೆ ಇರೋ ಕಾಗದದ ಕೆಪಾಸಿಟರ್‌ಗಳ ಮೈ ಬಿರಿದು, ತೇವ ಒಳಗಿಳಿದು, ಎಷ್ಟೋ ವರ್ಷ ಆದ್ಮೇಲೆ ಕರೆಂಟ್ ಕೊಟ್ರೆ ಮನೆ ತುಂಬ ಹೊಗೆ. ಅದಕ್ಕೆ ಸ್ವಿಚ್ ಹಾಕೋ ಮುಂಚೇನೇ ಬದಲಾಯಿಸ್ದೆ. ಅಮ್ಮ ನೋಡಿ "ಬಾಯಿ ಬಿಟ್ಕೊಂಡಿದೆಯಲ್ಲೋ" ಅಂದ್ರು, ಹಾಗೇ ಬರೆದೆ.

ಆಮೇಲೆ ಆನ್ ಮಾಡಿದ್ರೆ ಬೊಂಯ್ ಅಂತ ಒಂದೇ ದಪ್ಪ ಸದ್ದು, ನಿಲ್ಲೋದೇ ಇಲ್ಲ. ಸರಿಯಾಗಿರೋ ಮೆಷೀನಾದ್ರೆ ದಪ್ಪ ಸದ್ದು ಒಂದು ಚೂರು ಬಂದು, ತಕ್ಷಣ ಸಣ್ಣಗೆ ಪೀಪ್ ಅನ್ನಬೇಕು. ಪೀಪ್ ಬರ್ಲಿಲ್ಲ ಅಂದ್ರೆ ಪ್ರೊಸೆಸರ್ ತನ್ನ ಕೆಲಸ ಶುರು ಮಾಡ್ತಿಲ್ಲ ಅಂತ. ಸಾಕೆಟ್‌ನಲ್ಲಿರೋ ಚಿಪ್‌ಗಳನ್ನ ಒಂದೊಂದಾಗಿ ಎತ್ತಿದೆ, ಎರಡು ಮೂರರ ಕಾಲು ಕಾಡಿಗೆ ಮೆತ್ತಿದ ಹಾಗಿತ್ತು. ಉಜ್ಜಿ, ಕ್ಲೀನರ್ ಹೊಡೆದು ವಾಪಸ್ ಕೂರಿಸ್ದೆ, ಪೀಪ್ ಅಂತು!

ಈಗ ಆ ಕಪ್ಪಿಗೆ ಏನನ್ನೋದು? ಮೊದಲು "ತುಕ್ಕು" ಅಂತ ಬರೆದು ಹೊಡೆದಾಕಿದೆ, ತುಕ್ಕು ಕಬ್ಬಿಣದ್ದು, ಕೆಂಪಗೆ ಉದುರುತ್ತೆ. "ಕಿಲುಬು" ಅಂತ ಬರೆದೆ, ಸ್ನೇಹಿತ ಒಬ್ಬ ಒಪ್ಪಲಿಲ್ಲ, ಕಿಲುಬು ತಾಮ್ರ ಹಿತ್ತಾಳೆಗೆ ಮಾತ್ರ, ಹಸಿರಿರಬೇಕು, ಕಿಲುಬು ಕಾಸು ಅಂತೀವಲ್ಲ ಅದು ತಾಮ್ರದ ಕಾಸು ಅಂತ ವಾದ. ಅವನು ಹೇಳಿದ್ದು ಸರೀನೇ. ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆ ಹಸಿರು-ನೀಲಿ ಆಗುತ್ತಲ್ಲ, ಅದನ್ನ ನಾನೂ ಕಣ್ಣು ಮುಚ್ಕೊಂಡು ಕಿಲುಬು ಅಂತೀನಿ. ಆದ್ರೆ ನನ್ನ ಮೆಷೀನಲ್ಲಿ ಬ್ಯಾಟರಿನೇ ಇಲ್ಲ. ಆ ಕಾಲದ ಕೆಲವು ಚಿಪ್‌ಗಳ ಕಾಲಿಗೆ ಬೆಳ್ಳಿ ಲೇಪ ಇರ್ತಿತ್ತು, ಗಾಳಿಲಿರೋ ಗಂಧಕ ತಾಗಿ ಕಪ್ಪಾಗೋದು, ದೇವರ ಮನೆ ಬೆಳ್ಳಿ ದೀಪಕ್ಕೆ ಆಗೋದೇ ಇದು. ದೀಪಕ್ಕೆ ಅಮ್ಮ ತುಕ್ಕು, ಕಿಲುಬು ಎರಡೂ ಅನ್ನಲ್ಲ, "ಕಪ್ಪಿಟ್ಟಿದೆ" ಅಂತಾರೆ. (ವಿಭೂತಿ ಹಾಕಿ ತಿಕ್ಕು ಅಂತ ಸಲಹೆನೂ ಬಂತು, ಸಾಕೆಟ್ ಒಳಗೆ ಪುಡಿ ಹೋದ್ರೆ ಕಥೆ ಮುಗೀತು.) ನನಗೆ "ಕಾಲು ಕಪ್ಪಿಟ್ಟಿದೆ" ಇಷ್ಟ ಆಯ್ತು, ಆದ್ರೆ ಅದು ಕ್ರಿಯಾಪದ, "ಕಾಲಿನ ಮೇಲಿನ ___ ತೆಗೀರಿ" ಅನ್ನೋ ಜಾಗಕ್ಕೆ ನಾಮಪದ ಬೇಕಲ್ಲ. "ಕಪ್ಪು ತೆಗೀರಿ" ಅಂದ್ರೆ ಬಣ್ಣ ಬಳಿದಿದಾರೆ ಅನ್ಸುತ್ತೆ.

ಇದರ ಜೊತೆಗೇ ಇನ್ನೊಂದು. ಬೆಸುಗೆ ಹಾಕೋ ಸೋಲ್ಡರಿಂಗ್ ಐರನ್ ತುದಿಗೆ ತವರ ಹಿಡಿಸೋದಕ್ಕೆ "ಕಲಾಯಿ ಹಾಕು" ಅಂತ ಬರೆದಿದೀನಿ, ಎರಡೂ ಕಡೆ ತವರನೇ ತಾನೇ. ಹಾಗಾದ್ರೆ ಬೆಸುಗೆ ಚೆನ್ನಾಗಿ ಹಿಡೀಲಿ ಅಂತ ಹಚ್ಚೋ ಫ್ಲಕ್ಸ್‌ಗೆ ಏನನ್ನೋದು? ಕಲಾಯಿಯವರು ಕಾದ ಪಾತ್ರೆಗೆ ನವಸಾಗರ ಎರಚಿದಾಗ ಬೆಳ್ಳಗೆ ಹೊಗೆ ಏಳೋದು ನೋಡಿರ್ತೀರ, ಅದೂ ಲೋಹದ ಮೈ ಶುಚಿ ಮಾಡಿ ತವರ ಹಿಡಿಯೋ ಹಾಗೆ ಮಾಡುತ್ತೆ, ಅಂದ್ರೆ ಕೆಲಸ ಒಂದೇ. ಆದ್ರೆ ನವಸಾಗರ ಅಂತಲೇ ಬರೆದ್ರೆ ಯಾರಾದ್ರೂ ನಿಜವಾಗ್ಲೂ ಅದನ್ನೇ ತಂದು ಬೋರ್ಡಿಗೆ ಹಾಕ್ತಾರೆ, ಗೆರೆಯೆಲ್ಲ ತಿಂದುಹಾಕುತ್ತೆ. ಅಂಗಡಿಯವರು ಬರೀ "ಪೇಸ್ಟ್" ಅಂತಾರೆ, ಸದ್ಯಕ್ಕೆ ಅದನ್ನೇ ಇಟ್ಕೊಂಡಿದೀನಿ.

ಬೆಳ್ಳಿ ಕಪ್ಪಾಗೋದಕ್ಕೆ ಧಾರವಾಡ, ಮಂಗಳೂರು ಕಡೆ ಬೇರೆ ಹೆಸರಿದ್ಯಾ? ಅಕ್ಕಸಾಲಿಗರ ಮನೆಯವರು ಯಾರಾದ್ರೂ ಇದ್ರೆ ಮೊದಲು ನೀವು ಹೇಳಿ.